ಹುಣಸೆಮರದಿಂದ ಅಟ್ಟದ ಭರಣಿಯವರೆಗೆ

ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆಗೆ ಹೊರಟರೆ ಕೆಂಪು ಮಸಾರಿ ಹೊಲಗಳು ಜೊತೆಗೇ ಬರುತ್ತವೆ. ಮಳೆಯನ್ನೇ ನಂಬಿದ ನೆಲ. ಬದುವಿನಲ್ಲಿ, ಹಿತ್ತಿಲಲ್ಲಿ ಯಾರೂ ನೀರು ಹೊಯ್ಯದಿದ್ದರೂ ಬೆಳೆದು ನಿಂತಿರುವುದು ಹುಣಸೆ. ಕೊಟ್ಟೂರಿನ ತೇರು ಹತ್ತಿರ ಬಂತೆಂದರೆ ಹಣ್ಣು ಉದುರಿಸುವ ಕಾಲ. ಅಂಥ ಒಂದು ಬೆಳಿಗ್ಗೆ ಹಳ್ಳಿಯೊಂದರ ಮನೆಯ ಹಿತ್ತಿಲಿಗೆ ಹೋದೆ.

ಬೇಲಿ ದಾಟಿದ ಕೂಡಲೇ ಮರ. ಇಬ್ಬರು ಸೇರಿದರೂ ತಬ್ಬಲಾಗದಷ್ಟು ದಪ್ಪ. ಯಾರಾದರೂ ನೆಟ್ಟದ್ದೋ, ತಾನಾಗಿ ಹುಟ್ಟಿದ್ದೋ, ಮನೆಯ ಅಜ್ಜನಿಗೂ ಖಚಿತವಿಲ್ಲ. ತಾನು ಹುಡುಗನಾಗಿದ್ದಾಗಲೂ ಇಷ್ಟೇ ಇತ್ತು ಎಂದರು. ಮೊಮ್ಮಗ ಕೊಂಬೆ ಏರಿ ಗಳದಿಂದ ಬಡಿಯುತ್ತಿದ್ದ. ಅಜ್ಜ ಕೆಳಗೆ ನಿಂತು, ಯಾವ ಕೊಂಬೆ ಮುಟ್ಟಬೇಕು, ಯಾವುದನ್ನು ಇನ್ನೊಂದು ವಾರ ಬಿಡಬೇಕು ಎಂದು ಕೈ ತೋರಿಸುತ್ತಿದ್ದರು. ಹಾಸಿದ ಹಳೇ ಸೀರೆಗಳ ಮೇಲೆ ಹಣ್ಣು ಬೀಳುತ್ತಿತ್ತು. ಒಂದನ್ನು ಎತ್ತಿ ಅಲ್ಲಾಡಿಸಿದೆ, ಸಿಪ್ಪೆಯೊಳಗೆ ಗಲಗಲ ಸದ್ದು. ಹಣ್ಣು ಒಣಗಿ ಸಿಪ್ಪೆ ಬಿಟ್ಟಿದೆ ಎಂಬುದಕ್ಕೆ ಅದೇ ಗುರುತಂತೆ.

ಹಿತ್ತಿಲಿನಿಂದ ಅಂಗಳಕ್ಕೆ ಬಂದರೆ ನಿಜವಾದ ಕೆಲಸ ಇಲ್ಲಿದೆ. ಬಿಸಿಲಿಗೆ ಹರವಿದ ಹಣ್ಣಿನ ಸುತ್ತ ಅಜ್ಜಿ, ಅವರ ಸೊಸೆ, ಮೊಮ್ಮಗಳು. ಸಿಪ್ಪೆ ಒಡೆಯುವುದು, ನಾರು ಎಳೆಯುವುದು, ಕಲ್ಲಿನ ಮೇಲಿಟ್ಟು ಕೊಡತಿಯಿಂದ ತಟ್ಟಿ ಬೀಜ ಬಿಡಿಸುವುದು. ನಾನೂ ಕೂತೆ. ಜೋರಾಗಿ ಹೊಡೆದರೆ ಬೀಜ ಒಡೆದು ಹಣ್ಣಿಗೆ ಅಂಟುತ್ತದೆ, ಮೆಲ್ಲಗೆ ಹೊಡೆದರೆ ಬಿಡುವುದೇ ಇಲ್ಲ. ಅಜ್ಜಿ ಕಲ್ಲಿನ ಕಡೆ ನೋಡದೆ, ಮಾತಾಡುತ್ತಲೇ ತಟ್ಟುತ್ತಿದ್ದರು. "ಒಂದು ಬೀಜ ಉಳೀತಂದ್ರೂ ಹುಳ ಬೀಳ್ತಾವ ನೋಡಪ್ಪಾ" ಎಂದು ನನ್ನ ಪಾಲಿನದನ್ನು ಮತ್ತೆ ಬಿಡಿಸಿದರು. ಬೀಜದ್ದು ಬೇರೆ ರಾಶಿ, ಅದು ಮಾರಾಟಕ್ಕೆ. ಹುಣಸೆ ಬೀಜದ ಪುಡಿ ನೂಲಿಗೆ ಗಂಜಿಯಾಗುತ್ತದೆ.

ನಡುಮನೆಯಲ್ಲಿ ಹೆಚ್ಚೇನೂ ನೋಡುವುದಿರಲಿಲ್ಲ, ಜೋಳದ ಚೀಲಗಳು ಮಾತ್ರ. ಅಡುಗೆಮನೆಯ ಮೂಲೆಯಲ್ಲಿ ಭರಣಿಗಳು. ಸಣ್ಣದರಲ್ಲಿ ಚಳಿಗಾಲದಲ್ಲೇ ಹಾಕಿದ ಹುಣಸೆಕಾಯಿ ತೊಕ್ಕು. ಬೀಜ ಗಟ್ಟಿಯಾಗುವ ಮೊದಲೇ ಕಾಯಿ ಕಿತ್ತು, ಉಪ್ಪು ಅರಿಶಿನ ಹಾಕಿ ಕುಟ್ಟಿ, ಮೂರು ದಿನ ಬಿಟ್ಟು, ನಾರು ತೆಗೆದು, ಹಸಿಮೆಣಸಿನಕಾಯಿ, ಮೆಂತ್ಯ, ಇಂಗು ಸೇರಿಸಿ ಮತ್ತೆ ರುಬ್ಬಿದ್ದು. ಬಿಸಿ ರೊಟ್ಟಿಯ ಜೊತೆ ತಿಂದೆ. ಅಂಗಡಿಯ ಯಾವ ಉಪ್ಪಿನಕಾಯಿಯೂ ಅದರ ಹತ್ತಿರ ಬಾರದು.

ದೊಡ್ಡ ಭರಣಿ ಹಣ್ಣಿಗೆ. ಒಂದು ಪದರ ಹುಣಸೆ, ಅದರ ಮೇಲೆ ಹರಳುಪ್ಪು, ಮುಷ್ಟಿಯಿಂದ ಒತ್ತಿ ಗಾಳಿ ಹೊರಡಿಸಿ ಮತ್ತೊಂದು ಪದರ. ಕೈ ಒಣಗಿರಬೇಕು. ಕಬ್ಬಿಣದ ಡಬ್ಬಿಯಲ್ಲಿ ಇಡುವಂತಿಲ್ಲ, ಹುಳಿಯೂ ಉಪ್ಪೂ ಸೇರಿ ಕಬ್ಬಿಣವನ್ನು ತಿನ್ನುತ್ತವೆ. ಹಣ್ಣಿನ ಹುಳಿ, ಉಪ್ಪು, ತೇವವಿಲ್ಲದಿರುವುದು ಈ ಮೂರೇ ಅದನ್ನು ಕಾಯುವುದು. ಉಪ್ಪು ಎಷ್ಟು ಎಂದು ಮೊಮ್ಮಗಳು ಕೇಳಿದಳು. "ಕೈಗೆ ಗೊತ್ತಾಗ್ತೈತಿ ಬಿಡವ್ವ" ಎಂದರು ಅಜ್ಜಿ.

ಕೊನೆಗೆ ಏಣಿ ಹತ್ತಿ ಅಟ್ಟ ನೋಡಿದೆ. ಬಾಯಿಗೆ ಬಟ್ಟೆ ಬಿಗಿದ ಹಳೆಯ ಗಡಿಗೆಗಳಲ್ಲಿ ಹಿಂದಿನ ವರ್ಷಗಳ ಹುಣಸೆ. ಹೊಸದು ಕಂದುಗೆಂಪಾದರೆ ಇದು ಕಾಡಿಗೆಯಷ್ಟು ಕಪ್ಪು. ಹೊಸದು ಚಟ್ನಿಗೆ, ಹಳೆಯದು ಸಾರಿಗೆ ಎಂಬುದು ಈ ಮನೆಯ ಲೆಕ್ಕ.

ನಿಮ್ಮ ಮನೆಯಲ್ಲೂ ಹೀಗೆ ಉಪ್ಪು ಹಾಕುವ ಕೈ ಇದ್ದರೆ ಈ ಸಲ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕೂತುಕೊಳ್ಳಿ. ಅವರು ಹಾಕುವ ಮುಂಚೆ ಪ್ರತಿ ಹಿಡಿಯನ್ನೂ ತೂಗಿ ಬರೆದಿಡಿ.