ಆದವಾನಿಯ ಮೇಷ್ಟ್ರ ಫ್ಲಾಪಿ

ಕಳೆದ ಬೇಸಗೆಯ ಒಂದು ಸಂಜೆ ಆದವಾನಿಯಿಂದ ನಮಗೆ ಫೋನು ಬಂತು. ಆಚೆ ಕಡೆ ಇದ್ದವರು ನಿವೃತ್ತ ಕನ್ನಡ ಮೇಷ್ಟ್ರು. ಹಿಂದೊಮ್ಮೆ ಗಡಿನಾಡ ಕನ್ನಡಿಗರ ಸಭೆಯೊಂದರಲ್ಲಿ ಪರಿಚಯವಾದವರು. "ಕಂಪ್ಯೂಟರ್ ಏಳವಲ್ದು ನೋಡ್ರಿ. ಡ್ರೈವು ತಿರುಗ್ತೈತಿ, ದೀಪ ಹತ್ತತೈತಿ, ಮುಂದ ಏನೂ ಇಲ್ಲ. ಬೆಳಿಗ್ಗಿಂದ ಇಪ್ಪತ್ತು ಸಲ ಹಾಕಿ ನೋಡೀನಿ" ಎಂದರು. ಆ ಇಪ್ಪತ್ತು ಎಂಬ ಸಂಖ್ಯೆ ಕೇಳಿಯೇ ನಮ್ಮ ಎದೆ ಧಸಕ್ಕೆಂದಿತು. "ಮೇಷ್ಟ್ರೇ, ಡಿಸ್ಕನ್ನು ಹೊರಗೆ ತೆಗೆದು ಲಕೋಟೆಯಲ್ಲಿಟ್ಟುಬಿಡಿ. ನಾವು ಬರುವವರೆಗೆ ಮುಟ್ಟಬೇಡಿ" ಎಂದು ಬೇಡಿಕೊಂಡೆವು.

ಆದವಾನಿ, ಈಗಿನ ಹೆಸರಿನಲ್ಲಿ ಆದೋನಿ, ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ರೈಲುದಾರಿಯ ಹತ್ತಿಯ ಪೇಟೆ. ಮಂತ್ರಾಲಯದ ಯಾತ್ರೆ ಮಾಡಿದ ನಮ್ಮ ವಾಚಕರಲ್ಲಿ ಅನೇಕರು ಆ ನಿಲ್ದಾಣವನ್ನು ಕಿಟಕಿಯಿಂದ ಕಂಡಿರಬಹುದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದರ ಪಾಲಾದವು. ಮೂರು ವರ್ಷ ಕಳೆದು, 1956ರ ನವೆಂಬರ್ 1ರಂದು, ನಮ್ಮ ಸರದಿ ಬಂತು. ಆದುದರಿಂದ ಅಲ್ಲಿಯ ಕನ್ನಡ ಮೇಷ್ಟ್ರೊಬ್ಬರ ಸುಖದುಃಖವನ್ನು ಕಾಸರಗೋಡಿನ ಪತ್ರಿಕೆಯಲ್ಲಿ ವಿವರಿಸಿ ಹೇಳಬೇಕಾದುದಿಲ್ಲ.

ಇವರು ಕೆಲಸದಲ್ಲಿದ್ದಷ್ಟು ಕಾಲವೂ ಹೊಳಗುಂದಿ, ಕೌತಾಳಂ ಕಡೆಯ ಹಳ್ಳಿಗಳಲ್ಲಿ ಒಕ್ಕಲುಮಕ್ಕಳ ಮಾತು ಸಂಗ್ರಹಿಸಿದವರು. ಎರೆ, ಮಸಾರಿ, ಕೂರಿಗೆ, ಹಗೇವು ಎಂದು ಆರಂಭವಾಗಿ ಹತ್ತಿ ಬಿಡಿಸುವವರ ಬೈಗುಳದ ತನಕ ಅದರಲ್ಲಿತ್ತು. ನೋಟುಪುಸ್ತಕಗಳನ್ನು ಗೆದ್ದಲು ತಿಂದಿತು. ಉಳಿದದ್ದು ಅವರು ಅದಕ್ಕೂ ಮೊದಲು ಒಂದು ಫ್ಲಾಪಿಗೆ ಟೈಪು ಮಾಡಿಟ್ಟ ಪ್ರತಿ ಮಾತ್ರ. ಎರಡನೆಯ ಪ್ರತಿ ಮಾಡಿರಲಿಲ್ಲ. ಏಕೆ ಎಂದು ನಾವು ಕೇಳಲಿಲ್ಲ; ನಮ್ಮ ಮನೆಯ ಕಪಾಟಿನ ಸ್ಥಿತಿ ನಮಗೆ ಗೊತ್ತಿದೆ.

ಯಂತ್ರ ಯಾವುದೆಂದರೆ ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆ 1981ರಲ್ಲಿ ಹೊರತಂದ ಮನೆಬಳಕೆಯ ಕಂಪ್ಯೂಟರು. ನೆನಪಿನ ಶಕ್ತಿ ಬರೇ 32 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರೊಳಗೆ ಹಿಡಿಸದು. ಭಾರತ ಸರಕಾರ 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯಡಿ ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಾಗ ಆರಿಸಿಕೊಂಡದ್ದು ಇದನ್ನೇ. ನಮ್ಮ ಕಾಸರಗೋಡು ಜಿಲ್ಲೆಯಾದದ್ದೂ ಅದೇ ವರ್ಷ. ಹೊಸ ಯಂತ್ರಗಳು ಬಂದ ಮೇಲೆ ಇವು ಗುಜರಿಗೆ ಹೋದವು. ಮೇಷ್ಟ್ರು ಯಾವುದೋ ಊರಿನ ಶಾಲೆಯ ಹರಾಜಿನಲ್ಲಿ ಒಂದನ್ನು ಡ್ರೈವಿನ ಸಹಿತ ಕೊಂಡಿದ್ದರು. ಕನ್ನಡ ಅಕ್ಷರ ಅದರಲ್ಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಬರೆದು, ದೊಡ್ಡ ಎಲ್ ಹಾಕಿದರೆ ಳ, ದೊಡ್ಡ ಎನ್ ಹಾಕಿದರೆ ಣ ಎಂದು ತಮ್ಮದೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಹಳ್ಳಿಗೊಂದು ಫೈಲು. ಫೈಲಿನ ಹೆಸರಿಗೆ ಏಳೇ ಅಕ್ಷರ ಸಲ್ಲುತ್ತವಾದ್ದರಿಂದ ಹೊಳಗುಂದಿ 'ಹೊಲಗುನ್' ಆಗಿತ್ತು. ಡಿಸ್ಕಿನ ಒಂದು ಮುಖಕ್ಕೆ 31 ಫೈಲುಗಳ ಮಿತಿ. ಅವರು 31ನ್ನೂ ತುಂಬಿಸಿದ್ದರು.

ನಾವು ಹೋಗಿ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ಮೇಷ್ಟ್ರು ಮಜ್ಜಿಗೆ ಕೊಟ್ಟು, "ಅಲ್ಲರೀ, ಸಂಗ್ರಹ ಇರೋದು ಡಿಸ್ಕಿನಾಗ. ಅದನ್ನ ತಗದಿಟ್ಟು ಬರೇ ಪೆಟಗಿ ನೋಡಿದ್ರ ಏನ್ ಸಿಗ್ತೈತಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಫ್ಲಾಪಿ ಎಂದರೆ ಪ್ಲಾಸ್ಟಿಕ್ ಹಾಳೆಗೆ ಹಚ್ಚಿದ ಕಬ್ಬಿಣದ ತುಕ್ಕಿನ ಲೇಪ. ಓದುವ ತಲೆ ಆ ಲೇಪಕ್ಕೆ ತಾಗಿಕೊಂಡೇ ಇರುತ್ತದೆ, ಡಿಸ್ಕು ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ತಲೆಯಲ್ಲಿ ಒಂದು ಕಣ ಕೊಳೆ ಕಟ್ಟಿದ್ದರೆ ಪ್ರತಿ ಪ್ರಯತ್ನವೂ ಉಗುರಿನಿಂದ ಕೆರೆದಂತೆ. ಆದುದರಿಂದ ದೋಷ ಯಂತ್ರದಲ್ಲಿದೆ ಎಂದೇ ಹಿಡಿದು, ಯಂತ್ರ ಸರಿಯೆಂದು ತಿಳಿದ ಮೇಲೆಯೇ ಡಿಸ್ಕನ್ನು ಮುಟ್ಟಬೇಕು. ಪರೀಕ್ಷೆಗೆ ನಾವು ಹೋದರೂ ಚಿಂತೆಯಿಲ್ಲದ ಎರಡು ಫ್ಲಾಪಿ ಊರಿಂದಲೇ ಒಯ್ದಿದ್ದೆವು.

ಮೊದಲು ಪ್ಲಗ್ಗು ಕಳಚಿ ವಿದ್ಯುತ್ ಪೆಟ್ಟಿಗೆ ಬಿಚ್ಚಿದೆವು. ಈ ಯಂತ್ರಗಳಲ್ಲಿ ಮೈನ್ಸ್ ಬರುವ ಬಾಯಲ್ಲೇ ಹಳದಿ ಛಾಯೆಯ ಗಾಜಿನಂಥ ಕವಚದ ಕೆಪಾಸಿಟರ್ ಇರುತ್ತದೆ. ಒಳಗೆ ಇರುವುದು ಕಾಗದ. ನಲ್ವತ್ತು ವರ್ಷಕ್ಕೆ ಕವಚ ಬಿರಿದು, ಬಿರುಕಿನಿಂದ ತೇವ ಹೊಕ್ಕು, ಒಂದು ದಿನ ಢಬ್ಬೆಂದು ಸಿಡಿದು ಮನೆಯಿಡೀ ಹೊಗೆ ಮಾಡುತ್ತದೆ. ಅದನ್ನು ಬದಲಿಸದೆ ಹಳೆಯ ಬಿಬಿಸಿ ಯಂತ್ರಕ್ಕೆ ಕರೆಂಟು ಕೊಡಲೇಬಾರದು. ಬದಲಿ ಹಾಕುವಾಗ ಮೈನ್ಸಿಗೆಂದೇ ಮಾಡಿದ ಎಕ್ಸ್-2 ಜಾತಿಯದನ್ನೇ ಹಾಕಬೇಕು. ಮೇಷ್ಟ್ರದ್ದು ಬಿರಿದಿತ್ತು, ಸಿಡಿದಿರಲಿಲ್ಲ. ಒಣಹವೆಯ ಪುಣ್ಯ, ನಮ್ಮ ಮಳೆಗಾಲದಲ್ಲಾದರೆ ಉಳಿಯುತ್ತಿರಲಿಲ್ಲ.

ಕರೆಂಟು ಕೊಟ್ಟಾಗ ಯಂತ್ರ ಎರಡು ಸ್ವರದಲ್ಲಿ ಕೂಗಿತು. ತೆರೆಯ ಮೇಲೆ ಬಿಬಿಸಿ ಕಂಪ್ಯೂಟರ್ 32ಕೆ, ಅದರ ಕೆಳಗೆ ಏಕಾರ್ನ್ ಡಿಎಫ್‌ಎಸ್, ಮತ್ತೆ ಬೇಸಿಕ್ ಎಂದು ಮೂಡಿತು. ಈ ನಡುವಿನ ಸಾಲಿನ ಮೇಲೆ ಕಣ್ಣಿಡಬೇಕು. ಡಿಸ್ಕನ್ನು ನಿರ್ವಹಿಸುವ ಪ್ರೋಗ್ರಾಮು ಒಂದು ಚಿಪ್ಪಿನಲ್ಲಿದೆ. ಆ ಸಾಲು ಕಾಣದಿದ್ದರೆ ಚಿಪ್ಪಿನ ಕಾಲುಗಳು ತುಕ್ಕು ಹಿಡಿದಿವೆ ಅಥವಾ ಸಡಿಲವಾಗಿವೆ ಎಂದರ್ಥ. ಡ್ರೈವಿನಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. ಇನ್ನು ದೀಪ ಆರದೆ, ಮೋಟರು ನಿಲ್ಲದೆ ತಿರುಗುತ್ತಿದ್ದರೆ ಮೊದಲು ಪಟ್ಟಿಯಂಥ 34 ತಂತಿಯ ಕೇಬಲನ್ನು ನೋಡಬೇಕು, ತಲೆಕೆಳಗಾಗಿ ಸಿಕ್ಕಿಸಿರಬಹುದು. ಇವೆರಡೂ ಇಲ್ಲಿ ಸರಿಯಿದ್ದವು.

ಸರಿ, ಡ್ರೈವಿನ ಮುಚ್ಚಳ ತೆಗೆದೆವು. ಒಳಗೆ ಅರಳೆಯ ಎಳೆ! ಹತ್ತಿಯ ಪೇಟೆಯಲ್ಲಿ ಗಾಳಿಯಲ್ಲೂ ಹತ್ತಿಯೇ. ನಮ್ಮ ಕಡೆ ಹೀಗಲ್ಲ. ಇಲ್ಲಿ ಫ್ಲಾಪಿಯ ವೈರಿ ಬೂಷ್ಟು. ಕವಚದ ಉದ್ದ ಕಿಂಡಿಯಲ್ಲಿ ಬಿಳಿಯ ಚುಕ್ಕೆ ಕಂಡರೆ ಅಂಥ ಫ್ಲಾಪಿಯನ್ನು ಡ್ರೈವಿಗೆ ಹಾಕಲೇಬಾರದು, ಹಾಕಿದರೆ ಅದರೊಂದಿಗೆ ಆಮೇಲೆ ಹಾಕುವ ಎಲ್ಲವೂ ಕೆಡುತ್ತದೆ. ಎಳೆಗಳನ್ನು ಚಿಮ್ಮಟದಿಂದ ತೆಗೆದು, ಐಸೊಪ್ರೊಪೈಲ್ ಸ್ಪಿರಿಟಿನಲ್ಲಿ ಅದ್ದಿದ ಕಡ್ಡಿಯಿಂದ ತಲೆ ಒರೆಸಿದೆವು. ಕಂದು ಬಣ್ಣ ಬಂತು. ಅದು ಮೇಷ್ಟ್ರ ಡಿಸ್ಕಿನ ಲೇಪವೇ ಇರಬೇಕು ಎಂದು ಅವರಿಗೆ ಹೇಳುವ ಧೈರ್ಯ ನಮಗೆ ಆಗಲಿಲ್ಲ.

ಇನ್ನು ವೇಗ. ಡ್ರೈವಿನ ಅಡಿಯ ಚಕ್ರವನ್ನು ಮೋಟರು ರಬ್ಬರ್ ಬೆಲ್ಟಿನಿಂದ ತಿರುಗಿಸುತ್ತದೆ. ಚಕ್ರದ ಮೇಲೆ ಸುತ್ತಲೂ ಕಪ್ಪು-ಬಿಳಿ ಗೆರೆಗಳಿವೆ. 50 ಹರ್ಟ್ಜ್ ಕರೆಂಟಿನಲ್ಲಿ ಉರಿಯುವ ಟ್ಯೂಬ್‌ಲೈಟು ನಮ್ಮ ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಮಿಣುಕುತ್ತದಷ್ಟೆ? ವೇಗ ಸರಿಯಿದ್ದರೆ ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ. ನಿಧಾನವಾದರೆ ಹಿಂದಕ್ಕೆ ಸರಿಯುತ್ತವೆ. ಯಾವ ಉಪಕರಣವೂ ಬೇಡ. ಆದರೆ ಈ ಎಲ್‌ಇಡಿ ಬಲ್ಬಿನ ಕಾಲದಲ್ಲಿ ಚೋಕಿನ ಟ್ಯೂಬ್‌ಲೈಟು ಎಲ್ಲಿದೆ? ಇಡೀ ಮನೆಯಲ್ಲಿ ಇರಲಿಲ್ಲ. ಕೊನೆಗೆ ಮೇಷ್ಟ್ರ ಸೊಸೆ, "ದನದ ಕೊಟ್ಟಿಗ್ಯಾಗ ಐತಲ್ರಿ ಮಾವಾರ" ಎಂದು ನೆನಪಿಸಿದರು. ಡ್ರೈವು, ಕಂಪ್ಯೂಟರು, ಟೀವಿ ಎಲ್ಲವೂ ಕೊಟ್ಟಿಗೆಗೆ ಹೊರಟವು. ಎಮ್ಮೆ ನಮ್ಮನ್ನು ನೋಡುತ್ತ ಮೆಲುಕು ಹಾಕಿತು. ಗೆರೆಗಳು ಹಿಂದಕ್ಕೆ ಓಡುತ್ತಿದ್ದವು. ಬೆಲ್ಟು ನುಣುಪಾಗಿ ಜಾರುತ್ತಿತ್ತು. ಅದನ್ನೂ ಚಕ್ರವನ್ನೂ ಸ್ಪಿರಿಟಿನಿಂದ ಒರೆಸಿ ಹಾಕಿದಾಗ ಗೆರೆಗಳು ನಿಂತವು.

ನಮ್ಮ ಪರೀಕ್ಷೆಯ ಫ್ಲಾಪಿಯ ಫೈಲುಪಟ್ಟಿ ಬಂತು. ಫೈಲು ತೆರೆಯಹೋದರೆ ಮಾತ್ರ 'ಡಿಸ್ಕ್ ಫಾಲ್ಟ್ 18'. ಬೇಕಾದ ಭಾಗವೇ ಸಿಗಲಿಲ್ಲವೆಂದು ಅದರ ಅರ್ಥ. ಎರಡನೆಯ ಫ್ಲಾಪಿಯಲ್ಲೂ ಅದೇ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಫೈಲುಪಟ್ಟಿ ಇರುವುದು ಡಿಸ್ಕಿನ ಹೊರ ಅಂಚಿನ ಮೊದಲ ಸುತ್ತಿನಲ್ಲಿ. ಅಲ್ಲಿ ಓದಿ ಒಳಕ್ಕೆ ಸರಿದಾಗ ತಪ್ಪುತ್ತಿದೆಯೆಂದರೆ ಹೆಜ್ಜೆಯ ಅಳತೆ ತಪ್ಪಿದೆ. ಈ ಫ್ಲಾಪಿಗಳು 40 ಸುತ್ತಿನವು. ಡ್ರೈವಾದರೋ 40 ಮತ್ತು 80 ಎರಡಕ್ಕೂ ಆಗುವಂಥದು, ಹಿಂಬದಿಯಲ್ಲಿ ಪುಟ್ಟ ಸ್ವಿಚ್ಚಿದೆ. ಏಳೆಂಟು ವರ್ಷ ಅಟ್ಟದಲ್ಲಿದ್ದ ಪೆಟ್ಟಿಗೆಯನ್ನು ಇಳಿಸುವಾಗ ಯಾರದೋ ಬೆರಳು ತಾಗಿ ಸ್ವಿಚ್ಚು 80ಕ್ಕೆ ಹೋಗಿತ್ತು. 40ಕ್ಕೆ ತಂದೊಡನೆ ಎರಡೂ ಫ್ಲಾಪಿ ಸರಾಗವಾಗಿ ಓದಿದವು. ಮೇಷ್ಟ್ರು ಆ ಸ್ವಿಚ್ಚನ್ನೇ ನೋಡುತ್ತ ಕುಳಿತರು. ಇಪ್ಪತ್ತು ಸಲ ಹಾಕಿದ ಲೆಕ್ಕ ಅವರಿಗೂ ಆಗ ನೆನಪಾಗಿರಬೇಕು.

ತಲೆಯನ್ನು ಮತ್ತೊಮ್ಮೆ ಒರೆಸಿ, ಅವರ ಡಿಸ್ಕನ್ನು ಹಾಕುವ ಮೊದಲು ಬರೆಯದಂತೆ ತಡೆಯುವ ಪಟ್ಟಿ ಅಂಟಿಸಿದೆವು. ಶಿಫ್ಟ್ ಒತ್ತಿ ಹಿಡಿದು ಬ್ರೇಕ್ ಗುಂಡಿ ಒತ್ತಿದಾಗ ಹಳ್ಳಿಗಳ ಪಟ್ಟಿ ತೆರೆಯ ಮೇಲೆ ಬಂತು. ಅದನ್ನು ಹಾಗೆಯೇ ನೋಡುತ್ತ ಕೂರಲು ಬಿಡದೆ ಕೂಡಲೇ ಪ್ರತಿ ತೆಗೆಯಲು ಕುಳಿತೆವು. ಹಿಂಬದಿಯ ಸೀರಿಯಲ್ ಕಿಂಡಿಯಿಂದ ನಮ್ಮ ಲ್ಯಾಪ್‌ಟಾಪಿಗೆ ತಂತಿ ಎಳೆದೆವು. (ಆ ಕಿಂಡಿಯ ಪ್ಲಗ್ಗು ಎರಡು ಬಗೆಯಲ್ಲೂ ಒಳಹೊಗುತ್ತದೆ, ಒಂದೇ ಬಗೆಯಲ್ಲಿ ಕೆಲಸ ಮಾಡುತ್ತದೆ. ನಾವು ತಪ್ಪಾದುದನ್ನೇ ಮೊದಲು ಹಾಕಿದೆವು.) ಇಡೀ ಡಿಸ್ಕಿನಲ್ಲಿರುವುದು 100 ಕಿಲೋಬೈಟ್; ಲೆಕ್ಕಕ್ಕೆ ಎರಡು ನಿಮಿಷದ ಕೆಲಸವಾದರೂ ಒಂದೊಂದೇ ಫೈಲು ತೆರೆದು ಕಳುಹಿಸುವಾಗ ಕತ್ತಲಾಯಿತು.

ಮೂವತ್ತು ಫೈಲು ಬಂದವು. ಒಂದರಲ್ಲಿ ಮಾತ್ರ ಫಾಲ್ಟ್ ಸಂಖ್ಯೆ ಬೇರೆ: ಭಾಗ ಸಿಕ್ಕಿತು, ಒಳಗಿನ ಅಂಕಿಗಳು ತಾಳೆಯಾಗುವುದಿಲ್ಲ ಎಂಬುದು. ಡಿಸ್ಕನ್ನು ಬೆಳಕಿಗೆ ಓರೆ ಹಿಡಿದಾಗ ಕೂದಲೆಳೆಯಷ್ಟು ಸಣ್ಣ ಉಂಗುರದಂಥ ಗೀರು ಕಂಡಿತು. ಕಾಂತದ ಗುರುತುಗಳನ್ನೇ ನೇರವಾಗಿ ಎತ್ತಿಕೊಳ್ಳುವ ಸಣ್ಣ ಬೋರ್ಡುಗಳು ಈಗ ಸಿಗುತ್ತವೆ. ಮಸುಕಾದುದನ್ನು ಅವು ಹಲವು ಸಲ ಓದಿ ಕೂಡಿಸಿಯಾವು. ಆದರೆ ಲೇಪವೇ ಕೆರೆದುಹೋದಲ್ಲಿ ಓದುವುದಕ್ಕೆ ಏನಿದೆ? ಅದನ್ನು ಮುಚ್ಚಿಡದೆ ಹೇಳಿದೆವು.

"ಯಾವ ಊರಿಂದು?" ಎಂದು ಮೇಷ್ಟ್ರು ಕೇಳಿದರು. ಹೆಸರು ಓದಿದೆವು. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು, ಅಲ್ಲಿ ಆಗ ಮಾತು ಕೊಟ್ಟವರಲ್ಲಿ ಯಾರು ಯಾರು ಇದ್ದಾರು ಎಂದು ಇರಬೇಕು. "ಒಬ್ಬಾಕಿ ಇದ್ದಾಳ" ಎಂದರು. ಮರುದಿನ ಬೆಳಿಗ್ಗೆ ನಮ್ಮನ್ನು ರೈಲ್ವೆ ನಿಲ್ದಾಣಕ್ಕೆ ಬಿಟ್ಟವರು ಮನೆಗೆ ಮರಳಲಿಲ್ಲ. ಚೀಲದಲ್ಲಿ ಹೊಸ ನೋಟುಪುಸ್ತಕ ಇಟ್ಟುಕೊಂಡು ಕೌತಾಳಂ ಬಸ್ಸಿಗೆಂದು ಹೊರಟರು.