ಪ್ರತಿಕಾರನ ತಪ್ಪು, ವೈರಸ್ಸಿನ ದಾರಿ

2006ರಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಜ್ವರ ಇಳಿದರೂ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಆ ವರ್ಷ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ದಾಖಲಾದವು. ಅದಕ್ಕೂ ಹಿಂದೆ ದೇಶದಲ್ಲಿ ಈ ಕಾಯಿಲೆಯ ದೊಡ್ಡ ಹಾವಳಿ ಎದ್ದದ್ದು 1973ರಲ್ಲಿ, ಮಹಾರಾಷ್ಟ್ರದ ಬಾರ್ಶಿಯಲ್ಲಿ. ಹಾಗಾದರೆ ಆ ಹಳೆಯ ವೈರಸ್ಸೇ ಎಲ್ಲೋ ಅಡಗಿದ್ದು ಮತ್ತೆ ಬಂತೇ, ಇಲ್ಲಾ ಹೊಸದೊಂದು ಒಳಗೆ ಕಾಲಿಟ್ಟಿತೇ?

ಉತ್ತರ ಸಿಗುವುದು ವೈರಸ್ಸಿನ ಆರ್‌ಎನ್‌ಎಯಲ್ಲಿ. ಅದು ನಾಲ್ಕೇ ಬಗೆಯ ಅಕ್ಷರಗಳಲ್ಲಿ, ಸುಮಾರು 11,800 ಅಕ್ಷರಗಳಷ್ಟು ಉದ್ದದ ಬರಹ. ನಮ್ಮ ಜೀವಕೋಶದೊಳಗೆ ವೈರಸ್ ತನ್ನ ಪ್ರತಿ ತೆಗೆಯುವಾಗ ಆಗೊಂದು ಈಗೊಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಮುಂದಿನ ಪ್ರತಿಗಳಿಗೂ ಇಳಿಯುತ್ತದೆ. ಓಲೆಗರಿ ಗ್ರಂಥಗಳನ್ನು ಸಂಪಾದಿಸುವವರಿಗೆ ಇದು ಚೆನ್ನಾಗಿ ಗೊತ್ತು. ಎರಡು ಪ್ರತಿಗಳಲ್ಲಿ ಅದೇ ಜಾಗಗಳಲ್ಲಿ ಅವೇ ತಪ್ಪುಗಳು ಕಂಡರೆ, ಎರಡೂ ಒಂದೇ ಮಾತೃಪ್ರತಿಯಿಂದ ಇಳಿದವು ಎಂದು ಅವರು ಗುರುತಿಸುತ್ತಾರೆ.

ವೈರಸ್ಸಿನ ಬರಹ ಓದಲು ಜ್ವರ ಬಂದ ಮೊದಲ ನಾಲ್ಕೈದು ದಿನಗಳೊಳಗೆ ರೋಗಿಯ ರಕ್ತ ತೆಗೆಯಬೇಕು. ತಡವಾದರೆ ಅದರಲ್ಲಿ ವೈರಸ್ ಸಿಗುವುದು ಕಷ್ಟ. ಆರ್‌ಎನ್‌ಎ ಬೇಗ ಕೆಡುವುದರಿಂದ ಮಾದರಿಯನ್ನು ತಣ್ಣಗೇ ಸಾಗಿಸಬೇಕು. ಪ್ರಯೋಗಾಲಯದಲ್ಲಿ ಅದನ್ನು ಡಿಎನ್‌ಎ ರೂಪಕ್ಕೆ ತಂದು, ಪಿಸಿಆರ್ ಮೂಲಕ ತುಂಡುತುಂಡಾಗಿ ಹೆಚ್ಚಿಸಿ, ಸೀಕ್ವೆನ್ಸಿಂಗ್ ಯಂತ್ರದಲ್ಲಿ ಓದುತ್ತಾರೆ. ಒಂದು ತುಂಡಿನ ಕೊನೆ ಮುಂದಿನದರ ಆರಂಭದ ಮೇಲೆ ಹೊದ್ದುಕೊಂಡಿರುತ್ತದೆ, ಆ ಗುರುತು ಹಿಡಿದು ಕಂಪ್ಯೂಟರ್ ಇಡೀ ಬರಹವನ್ನು ಜೋಡಿಸುತ್ತದೆ. ಆಮೇಲೆ ಬೇರೆ ಬೇರೆ ಊರಿನ ಮಾದರಿಗಳನ್ನು ಸಾಲಾಗಿಟ್ಟು, ಹಂಚಿಕೊಂಡ ತಪ್ಪುಗಳ ಆಧಾರದ ಮೇಲೆ ವಂಶವೃಕ್ಷ ಬರೆಯುತ್ತಾರೆ. ಈ ವೈರಸ್ಸಿನಲ್ಲಿ ವರ್ಷಕ್ಕೆ ಸರಿಸುಮಾರು ಐದಾರು ಅಕ್ಷರ ಬದಲಾಗುವುದರಿಂದ, ಎರಡು ಕವಲುಗಳು ಯಾವಾಗ ಬೇರೆಯಾದವು ಎಂದು ಹಿಂದಕ್ಕೆ ಎಣಿಸಲೂಬಹುದು. ಮಾದರಿ ಸಿಕ್ಕಿದ ಊರು, ದಿನಾಂಕ ಬರೆದಿಡದಿದ್ದರೆ ಮಾತ್ರ ಇದೆಲ್ಲ ವ್ಯರ್ಥ. ಯಾರೂ ರಕ್ತ ತೆಗೆಯದ ಹಳ್ಳಿಗೆ ಈ ಮರದಲ್ಲಿ ಕೊಂಬೆಯೇ ಇರುವುದಿಲ್ಲ.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಹೋಲಿಸಿ ನೋಡಿದಾಗ ಹಳೆಯ ಹಾವಳಿಗಳ ವೈರಸ್ ಏಷ್ಯಾದ ಕವಲಿನದು, ಹೊಸದು ಆಫ್ರಿಕಾದ ಕವಲಿನದು ಎಂದು ತಿಳಿಯಿತು. ಬಂದದ್ದು ಹೊಸ ಅತಿಥಿ. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮೂರರಲ್ಲೊಂದು ಪಾಲು ಜನ ಇದೇ ಕಾಯಿಲೆಯಿಂದ ಮಲಗಿದ್ದರು. ಅಲ್ಲಿಂದಲೇ ಇಲ್ಲಿಗೆ ಬಂದಿರಬೇಕು ಎಂದುಕೊಳ್ಳುವುದು ಸಹಜ. ಇಡೀ ಜೀನೋಮುಗಳ ಹೋಲಿಕೆ ತೋರಿಸಿದ್ದು ಬೇರೆಯದನ್ನೇ: ಎರಡೂ ಪೂರ್ವ ಆಫ್ರಿಕಾದಿಂದ ಬೇರೆ ಬೇರೆಯಾಗಿ ಹೊರಟ ಕವಲುಗಳು. ಅಂದರೆ ದಾಯಾದಿಗಳು.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಭಾಗ. ರಿಯೂನಿಯನ್ ವೈರಸ್ಸಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಅದರ ಹೊರಕವಚದ ಇ1 ಪ್ರೋಟೀನಿನ 226ನೇ ಸ್ಥಾನದಲ್ಲಿ ಅಲನೈನ್ ಹೋಗಿ ವ್ಯಾಲೀನ್ ಬಂದಿತ್ತು. ಅಷ್ಟರಿಂದಲೇ ಅದು ಈಡಿಸ್ ಆಲ್ಬೊಪಿಕ್ಟಸ್ ಎಂಬ ಸೊಳ್ಳೆಯಲ್ಲಿ ಹಿಂದಿಗಿಂತ ಸಲೀಸಾಗಿ ಬೆಳೆಯತೊಡಗಿತು. 2007ರಲ್ಲಿ ಕೇರಳದಲ್ಲೂ ಅದೇ ಬದಲಾವಣೆ ಕಂಡಿತು. ದ್ವೀಪದ ವೈರಸ್ ಬಂದೇಬಿಟ್ಟಿತು ಎನ್ನಲು ಇದು ಸಾಕೇ? ಸಾಲದು. ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರು ಪ್ರತಿಕಾರರೂ ಒಂದೇ ತಪ್ಪು ಮಾಡಬಹುದು. ಕೇರಳದ ವೈರಸ್ಸಿನ ಉಳಿದ ಬರಹವೆಲ್ಲ ಭಾರತದ ಕವಲಿನದೇ ಆಗಿತ್ತು. ಸೊಳ್ಳೆ ಅದೇ ಆದ್ದರಿಂದ ಅದಕ್ಕೆ ಹೊಂದುವ ಬದಲಾವಣೆ ಇಲ್ಲಿಯೂ ತಾನಾಗಿ ಹುಟ್ಟಿ ಉಳಿದುಕೊಂಡಿತ್ತು.

2008ರ ಹೊತ್ತಿಗೆ ಈ ವ್ಯಾಲೀನ್ ವೈರಸ್ ನಮ್ಮ ಕರಾವಳಿಯ ರೋಗಿಗಳಲ್ಲಿ ಪತ್ತೆಯಾಯಿತು. ಈ ಕಾಯಿಲೆ ಹರಡುವ ಇನ್ನೊಂದು ಸೊಳ್ಳೆ ಈಡಿಸ್ ಈಜಿಪ್ಟಿ ಹೆಚ್ಚಾಗಿ ಮನೆಯ ತೊಟ್ಟಿ, ಡ್ರಮ್ಮುಗಳಲ್ಲಿ ಮೊಟ್ಟೆ ಇಡುತ್ತದೆ. ಆಲ್ಬೊಪಿಕ್ಟಸ್‌ಗೆ ತೋಟವೇ ಇಷ್ಟ. ಹಾಗಾಗಿ ಈ ವೈರಸ್ ಕಂಡ ಊರಿನಲ್ಲಿ ಆರೋಗ್ಯ ಕಾರ್ಯಕರ್ತೆ ಬಚ್ಚಲಿನ ಹಂಡೆ ನೋಡಿ ಹಿಂದಿರುಗಿದರೆ ಕೆಲಸ ಅರ್ಧವೇ. ಹಿತ್ತಲು ದಾಟಿ ತೋಟಕ್ಕಿಳಿದು, ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಮರಕ್ಕೆ ಕಟ್ಟಿದ ಕಪ್ಪಿನಲ್ಲಿ ನಿಂತ ಮಳೆನೀರನ್ನೂ ಚೆಲ್ಲಬೇಕು.