ಕಾಲೇಜು ಮುಗಿದ ಮೇಲೆ ಓಟ

ವಿದ್ಯಾರ್ಥಿ ದಶೆಯಲ್ಲಿ ಓಡುವವನಿಗೆ ಓಟದ ಹೊರತು ಉಳಿದ ಚಿಂತೆಯೆಲ್ಲ ಪರರದು. ಮೈದಾನ ಕಾಲೇಜಿನದು, ಹೊತ್ತನ್ನು ಗೊತ್ತುಮಾಡುವವರು ವ್ಯಾಯಾಮ ಶಿಕ್ಷಕರು, ಪಂದ್ಯದ ದಿನವನ್ನು ಸಾರುವುದು ಧಾರವಾಡದ ವಿಶ್ವವಿದ್ಯಾಲಯ. ಪದವಿ ಕೈಗೆ ಬಂದೊಡನೆ ಈ ಮೂರು ಆಸರೆಗಳೂ ಒಮ್ಮೆಗೇ ಕಳಚಿಬೀಳುತ್ತವೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಎಷ್ಟೋ ತರುಣ ತರುಣಿಯರ ಓಟ ಅಲ್ಲಿಗೇ ನಿಲ್ಲುತ್ತದೆ. ಅವರ ಕಾಲು ಸೋತಿರುವುದಿಲ್ಲ. ನಾಳೆ ಎಷ್ಟು ಓಡಬೇಕೆಂದು ಹೇಳುವವರು ಇರುವುದಿಲ್ಲ, ಅಷ್ಟೆ.

ಆಸರೆಯೊಂದನ್ನೇ ನಂಬಿದ ಓಟದ ಗತಿಯೇನೆಂಬುದಕ್ಕೆ ಈ ಸೀಮೆಯಲ್ಲೇ ಒಂದು ನಿದರ್ಶನವುಂಟು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಇಲ್ಲಿಯ ಸಿದ್ದಿ ಜನಾಂಗದ ಬಾಲಕ ಬಾಲಕಿಯರನ್ನು ಆರಿಸಿ, ವಸತಿನಿಲಯದಲ್ಲಿರಿಸಿ, ಓಟಪಾಟಗಳಲ್ಲಿ ತರಬೇತಿ ಕೊಟ್ಟಿತು. ಕೆಲವರು ದೇಶಮಟ್ಟದಲ್ಲಿ ಹೆಸರು ಪಡೆದರು. 1990ರ ದಶಕದ ಮೊದಲ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಕೆಲವರಿಗೆ ಕ್ರೀಡೆಯ ಬಲದಿಂದ ನೌಕರಿ ದೊರೆಯಿತು. ಅನೇಕರು ಹೊಲಕ್ಕೂ ಕೂಲಿಗೂ ಮರಳಿದರು. ಸರಕಾರದ ನೆರವು ಬೇಡವೆಂದು ಇದರಿಂದ ಯಾರೂ ಹೇಳಲಾರರು. ಆದರೆ ನೆರವು ನಿಂತ ದಿನವೂ ಉಳಿಯುವಂಥದು ಓಟಗಾರನ ಬಳಿ ಏನಾದರೂ ಇರಬೇಕು. ಅದೇ ಅವನು ತನ್ನ ಕೈಯಾರೆ ಬರೆದುಕೊಂಡ ವರ್ಷದ ಯೋಜನೆ.

ನಮ್ಮ ನೆರೆಯ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಆ ವರ್ಷದ ದಾರಿ ಈಗಿನ 42.195 ಕಿಲೋಮೀಟರಿಗಿಂತಲೂ ದೀರ್ಘವಾಗಿತ್ತು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಲೇ, ಎಷ್ಟು ಓಡಿದರೆ ದೇಹ ಬಲಿಯುತ್ತದೆ, ಎಷ್ಟಕ್ಕೆ ಮುರಿಯುತ್ತದೆ ಎಂಬುದನ್ನು ತಮ್ಮ ಮೇಲೆಯೇ ಪ್ರಯೋಗಿಸಿ ಕಂಡುಕೊಂಡರು. ಅವರ ನೆರೆಹೊರೆಯ ಹುಡುಗರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್‌ಬರ್ಗ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಲಿಡಿಯಾರ್ಡರ ತತ್ತ್ವ ಸರಳ: ಮೊದಲು ತಿಂಗಳುಗಟ್ಟಲೆ ನಿಧಾನದ ಓಟದಿಂದ ತಳಪಾಯ, ಬಳಿಕ ಏರುದಾರಿ, ಆಮೇಲೆ ವೇಗ, ಕಡೆಗೆ ಪಂದ್ಯ.

ಈ ಕ್ರಮವನ್ನು ನಮ್ಮ ಋತುಮಾನಕ್ಕೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಜೋಯಿಡಾದ ಕಡೆ ಮಳೆ ಬಿಡುವು ಕೊಡದು. ಮೂಡಲಿಗಿರುವ ಮುಂಡಗೋಡದಲ್ಲಿ ಅದರ ರಭಸ ಕಡಿಮೆ. ಮಳೆ ಹೊಳವಾದಾಗ ಜತೆಗಾರನೊಡನೆ ಮಾತನಾಡಬಲ್ಲಷ್ಟು ನಿಧಾನವಾಗಿ ಓಡಬೇಕು. ಹೊರಗೆ ಕಾಲಿಡಲಾಗದ ದಿನ ಬಸ್ಕಿ ಹೊಡೆಯಬೇಕು. ಕುಸ್ತಿಗೆ ಹೆಸರಾದ ಹಳಿಯಾಳದ ಗರಡಿಗಳಲ್ಲಿ ಅದನ್ನು ಕಲಿಸುವವರಿಗೆ ಬರವಿಲ್ಲ. ಅಕ್ಟೋಬರ್, ನವೆಂಬರುಗಳಲ್ಲಿ ವಾರಕ್ಕೊಂದು ದೀರ್ಘ ಓಟವನ್ನು ಸ್ವಲ್ಪಸ್ವಲ್ಪವೇ ಬೆಳೆಸಿ, ಪ್ರತಿ ನಾಲ್ಕನೆಯ ವಾರ ತಗ್ಗಿಸಬೇಕು. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬು, ಸ್ನಾಯುರಜ್ಜುಗಳು ತಿಂಗಳುಗಳನ್ನೇ ಬೇಡುತ್ತವೆ. ಉಸಿರಿನ ಮಾತು ಕೇಳಿ ಕಾಲನ್ನು ಅವಸರಪಡಿಸಿದವರೇ ಹೆಚ್ಚಾಗಿ ನೋವಿಗೆ ಗುರಿಯಾಗುವವರು. ಚಳಿ ಬಿದ್ದ ಮೇಲೆ ವಾರಕ್ಕೆ ಎರಡು ದಿನ ಏರುದಾರಿ ಅಥವಾ ವೇಗದ ಓಟ, ಉಳಿದ ದಿನ ಹಗುರ ಓಟ, ಒಂದು ದಿನ ಪೂರ್ಣ ವಿಶ್ರಾಂತಿ. ದೀರ್ಘ ಪಂದ್ಯಕ್ಕೆ ಎರಡು ವಾರವಿರುವಾಗ ಓಟದ ಪ್ರಮಾಣವನ್ನು ಇಳಿಸುತ್ತ ಬರಬೇಕು.

ಜೀವನೋಪಾಯವೂ ಈ ಲೆಕ್ಕದಲ್ಲಿ ಸೇರಬೇಕಲ್ಲವೇ? ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವನು ಅಂದೇ ವೇಗದ ಓಟಕ್ಕೆ ಇಳಿಯಬಾರದು. ನಿದ್ರೆಯೂ ತರಬೇತಿಯ ಒಂದು ಅಂಗ. ಕಾಡನ್ನೂ ಮರೆಯುವಂತಿಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಕಾಡುಕೋಣ, ಕರಡಿ, ಆನೆಗಳಿಗೂ ಮುಂಜಾವು ಸಂಚಾರದ ಹೊತ್ತೇ. ಬೆಳಕು ಹರಿದ ಮೇಲೆ, ಊರ ಮಗ್ಗುಲಿನ ದಾರಿಯಲ್ಲಿ, ಇಬ್ಬರು ಮೂವರು ಕೂಡಿ ಓಡುವುದು ಲೇಸು.

ಪಂದ್ಯಗಳೇನೋ ದೂರದ ಊರುಗಳಲ್ಲಿವೆ. ಮುಂಬಯಿಯ ಮ್ಯಾರಥಾನ್ 2004ರಲ್ಲಿ, ಬೆಂಗಳೂರಿನ 10 ಕಿಲೋಮೀಟರ್ ಓಟ 2008ರಲ್ಲಿ ಆರಂಭವಾದವು. ಪ್ರವೇಶ ಶುಲ್ಕ, ಪ್ರಯಾಣ, ವಸತಿಗಳ ವೆಚ್ಚ ಹೊಸದಾಗಿ ಸಂಬಳ ಕಾಣುತ್ತಿರುವವರಿಗೆ ಸಣ್ಣದಲ್ಲ. ಆದುದರಿಂದ ವರ್ಷಕ್ಕೆ ಒಂದು ದೊಡ್ಡ ಪಂದ್ಯವನ್ನಷ್ಟೇ ಆರಿಸಿಕೊಂಡು, ಉಳಿದ ಪರೀಕ್ಷೆಗಳನ್ನು ಊರಿನಲ್ಲೇ ನಡೆಸಿಕೊಳ್ಳುವುದು ವಿವೇಕ. ರಸ್ತೆಯ ಬದಿಯ ಕಿಲೋಮೀಟರ್ ಕಲ್ಲುಗಳು, ಒಂದು ಗಡಿಯಾರ, ಇಬ್ಬರು ಗೆಳೆಯರು: ಪಂದ್ಯಕ್ಕೆ ಇಷ್ಟು ಸಾಕು. ಓಡಿದ ದೂರ, ತಗುಲಿದ ಹೊತ್ತು, ಕಾಲಿನ ನೋವು, ನಿದ್ರೆ ಇವನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಆ ಪುಸ್ತಕವೇ ಗುರುವಾಗುತ್ತದೆ.

ಅಧ್ಯಾಪಕರು ಇಲ್ಲಿ ಮಾಡಬಹುದಾದ ಉಪಕಾರ ದೊಡ್ಡದು. ಕಡೆಯ ವರ್ಷದ ಓಟಗಾರನಿಗೆ ಕಪ್ಪಿನೊಡನೆ ಒಂದು ಖಾಲಿ ಪುಸ್ತಕವನ್ನೂ ಕೊಟ್ಟು, ಮುಂದಿನ ಹನ್ನೆರಡು ತಿಂಗಳ ಓಟವನ್ನು ಅವನಿಂದಲೇ ಬರೆಯಿಸಿ ತಿದ್ದಿಕೊಡಲಿ. ಬೀಳ್ಕೊಡುಗೆಯ ಭಾಷಣಕ್ಕಿಂತ ಅದು ಅವನೊಡನೆ ಬಹುದೂರ ಓಡೀತು.